ಡಿಸ್ಕ್ ಬದಲಾಯಿಸಿದರೆ ಸಾಲದು, ಅಕ್ಷರಾನೂ ಬದಲಾಯಿಸಬೇಕು

ಮೊನ್ನೆ ಮೊನ್ನೆವರೆಗೂ ನಮ್ಮನೆ ಕಂಪ್ಯೂಟರ್ ಶುರುವಾಗಬೇಕಾದರೆ ನಾನು ಸ್ವಿಚ್ ಒತ್ತಿ, ಕಾಫಿ ಕಾಯಿಸಿ, ಕುಡಿದು, ಲೋಟ ತೊಳೆದಿಟ್ಟು ಬರಬೇಕಿತ್ತು. ಅದಕ್ಕೆ ಒಗ್ಗಿಕೊಂಡಿದ್ದೆ ಬಿಡಿ. ಆದರೆ ಒಂದು ಭಾನುವಾರ ಒಳಗಿಂದ ಟಕ್... ಟಕ್... ಅಂತ ಸದ್ದು ಶುರುವಾಯಿತು. ರೇಷ್ಮೆ ಮಗ್ಗದ ಸದ್ದು ಕೇಳಿ ಬೆಳೆದ ಕೊಳ್ಳೇಗಾಲದವನಿಗೆ ಟಕ್ ಟಕ್ ಏನೂ ಹೊಸದಲ್ಲ. ಆದರೆ ಇದು ಕೆಲಸ ನಡೆಯೋ ಸದ್ದಲ್ಲ, ಕೆಲಸ ಮುಗಿಯೋ ಸದ್ದು ಅಂತ ಗೊತ್ತಾಯಿತು.

ಹನೂರಿನಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಕಂಪ್ಯೂಟರ್ ರಿಪೇರಿ ಅವನ ಕೈಗೆ ಚೆನ್ನಾಗಿ ಹತ್ತಿದೆ. ಸಂಜೆಗೆ ಬಂದ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಪುಟ್ಟ ತಂತ್ರಾಂಶ ಹಾಕಿ ನೋಡಿದ. ನೀಲಿ ಇರಬೇಕಾದ ಜಾಗದಲ್ಲಿ ಹಳದಿ. ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುವ ಆರೋಗ್ಯದ ಲೆಕ್ಕದಲ್ಲಿ, ಓದಲಾಗದೆ ಕಾದು ಕೂತಿರುವ ಸೆಕ್ಟರ್‌ಗಳು ಕಾಣಿಸಿಕೊಂಡಿದ್ದವು. "ಮಾವ, ಇದ್ಯಾಕ ಇಷ್ಟೊಂದ್ ತಲ ಕೆಡುಸ್ಕಂಡಿರಿ? ಒಂದ್ ಎಸ್‌ಎಸ್‌ಡಿ ತಗಬುಡಿ. ಹಂಗಂಗೇ ಕ್ಲೋನ್ ಮಾಡ್ಬುಡ್ತೀನಿ. ನೀವು ನಾಳ ಬೆಳಗ್ಗ ಆನ್ ಮಾಡುದ್ರ ಎಲ್ಲಾ ಇದ್ದಂಗೇ ಇರ್ತದ" ಅಂದ.

ಎಲ್ಲಾ ಇದ್ದಂಗೇ ಇರ್ತದೆ! ಕೇಳೋಕೆ ಎಷ್ಟು ಚೆಂದ. ಇಷ್ಟು ದಿನ ನಾನೂ ಹಾಗೇ ಮಾಡಿಕೊಂಡು ಬಂದವನು. ಆದರೆ ಈ ಸಲ ಮಾಡಿಸಲಿಲ್ಲ. ಯಾಕೆ ಅಂತ ಹೇಳೋದಕ್ಕೇ ಈ ಬರಹ. ಕ್ಲೋನ್ ಮಾಡಿಕೊಂಡು ಸುಮ್ಮನಾಗೋದು ಕನ್ನಡದಲ್ಲಿ ಟೈಪ್ ಮಾಡಿದ ಹಳಬರಿಗೆಲ್ಲ ದೊಡ್ಡ ಮೋಸ ಅನ್ನೋದು ನನ್ನ ಅಭಿಪ್ರಾಯ. ಒಪ್ಪದಿದ್ದರೂ ಪರವಾಗಿಲ್ಲ, ಪೂರ್ತಿ ಓದಿ :)

ಮೊದಲು ಕ್ಲೋನ್ ಅಂದರೇನು ಅಂತ ನೋಡೋಣ. ಹಳೇ ಡಿಸ್ಕಿನಲ್ಲಿ ಇರೋದನ್ನೆಲ್ಲಾ, ವಿಂಡೋಸ್, ತಂತ್ರಾಂಶಗಳು, ಸೆಟ್ಟಿಂಗುಗಳು, ಕಡತಗಳು, ಕಸ ಕಡ್ಡಿ ಸಮೇತ, ಇದ್ದ ಜಾಗದಲ್ಲೇ ಇದ್ದ ಹಾಗೆ ಹೊಸ ಡಿಸ್ಕಿಗೆ ಇಳಿಸುವುದು. ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶಗಳು ಇದನ್ನು ಸೊಗಸಾಗಿ ಮಾಡುತ್ತವೆ. ಹೊಸ ಡ್ರೈವ್ ಹಳೆಯದಕ್ಕಿಂತ ಚಿಕ್ಕದಾಗಿರಬಾರದು ಅನ್ನೋದು ಒಂದು ಮುಖ್ಯ ಷರತ್ತು. ಹಳೇದು 500 ಜಿಬಿ, ಅಂಗಡೀಲಿ ಅಗ್ಗಕ್ಕೆ ಸಿಕ್ಕಿತು ಅಂತ 480 ಜಿಬಿಯ ಎಸ್‌ಎಸ್‌ಡಿ ತಂದರೆ, ಒಳಗೆ ಅರ್ಧ ಖಾಲಿ ಇದ್ದರೂ ನೇರವಾಗಿ ಕ್ಲೋನ್ ಆಗೋದಿಲ್ಲ. ಮೊದಲು ಪಾರ್ಟಿಶನ್ ಕುಗ್ಗಿಸಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಡ್ರೈವ್ ಕೆಟ್ಟಿದೆ ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗಿದ್ದಾರೆ.

ಇರಲಿ. ನನ್ನ ಡಿಸ್ಕಿನಲ್ಲಿ ಏನಿತ್ತು ಅಂತ ಹೇಳಬೇಕು. ಫೋಟೋ, ಸಿನಿಮಾ, ಹಾಡು, ಅದೆಲ್ಲ ಎಲ್ಲರ ಮನೇಲೂ ಇರೋದೇ. ಆದರೆ ‘ಅತ್ತೆ’ ಅಂತ ಒಂದು ಫೋಲ್ಡರ್ ಇತ್ತು. ಯಳಂದೂರಿನಲ್ಲಿದ್ದ ನಮ್ಮ ಸೋದರತ್ತೆ ಹೇಳಿದ ಹಾಡುಗಳು. ಸೋಬಾನೆ, ಬೀಸೋ ಪದ, ಮಾದಪ್ಪನ ಪದ, ಹಸೆ ಮೇಲೆ ಕೂರಿಸಿ ಹಾಡೋದು, ಸತ್ತ ಮನೇಲಿ ಅಳೋದು. ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. 2003ರಿಂದ ಐದಾರು ವರ್ಷ, ಹೋದಾಗಲೆಲ್ಲ ಅವರ ಪಕ್ಕ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು, ರಾತ್ರಿ ನುಡಿಯಲ್ಲಿ ಟೈಪ್ ಮಾಡುತ್ತಿದ್ದೆ. ಒಟ್ಟು 412 ಕಡತ. ಅತ್ತೆ 2011ರಲ್ಲಿ ಹೋದರು. ನೋಟ್‌ಬುಕ್ಕುಗಳು ಮನೆ ಬದಲಾಯಿಸುವಾಗ ಗೆದ್ದಲಿನ ಪಾಲಾದವು. ಹಾಗಾಗಿ ಆ ಹಾಡುಗಳು ಇರೋದು ಈ ಟಕ್ ಟಕ್ ಅನ್ನೋ ಡಬ್ಬಿಯಲ್ಲಿ ಮಾತ್ರ!

ಕ್ಲೋನ್ ಮಾಡೋಕೆ ಮುಂಚೆ ಮುಖ್ಯವಾದ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಳ್ಳೋಣ ಅಂದೆ. ಸಾಯುತ್ತಿರೋ ಡಿಸ್ಕಿನ ಮೇಲೆ ಕ್ಲೋನ್ ಅನ್ನೋದು ದೊಡ್ಡ ಓಟ. ಮೊದಲ ಸೆಕ್ಟರಿನಿಂದ ಕೊನೇವರೆಗೆ ಓದಿಸಬೇಕು. ಅರ್ಧ ದಾರೀಲಿ ಅದು ಬಿದ್ದರೆ ಸಿನಿಮಾಗಳು ಉಳಿದು ಹಾಡುಗಳು ಹೋಗಬಹುದು. ಆದ್ದರಿಂದ ಮತ್ತೆ ಸಿಗದಿರೋದನ್ನು ಮೊದಲು ಎತ್ತಿಟ್ಟುಕೊಳ್ಳಬೇಕು. ಮನೆಗೆ ಬೆಂಕಿ ಬಿದ್ದಾಗ ಮಗೂನ ಎತ್ತಿಕೊಂಡು ಆಮೇಲೆ ಟ್ರಂಕಿಗೆ ಕೈ ಹಾಕುತ್ತೇವಲ್ಲ, ಹಾಗೆ.

ಹಾಕಿಕೊಂಡು, ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದೆ. ಎದೆ ಧಸಕ್ ಅಂದಿತು. ತೆರೆ ತುಂಬ ಪೌಂಡ್ ಚಿಹ್ನೆ, ತಲೆ ಮೇಲೆ ಗೀಟು ಎಳೆದ ಇಂಗ್ಲಿಷಿನ ಎ, ಅಡ್ಡಾದಿಡ್ಡಿ ಕ್ಯೂ, ಝಡ್. ಕನ್ನಡದ ಒಂದಕ್ಷರ ಇಲ್ಲ. "ಫೈಲ್ ಕರಪ್ಟ್ ಆಗದ ಮಾವ" ಅಂದ ಹುಡುಗ. ಕರಪ್ಟ್ ಆಗಿರಲಿಲ್ಲ. ಅದೇ ಪೆನ್‌ಡ್ರೈವನ್ನು ನನ್ನ ಹಳೇ ಕಂಪ್ಯೂಟರಿಗೆ ಹಾಕಿದರೆ ಅತ್ತೆ ಹಾಡು ಅಚ್ಚುಕಟ್ಟಾಗಿ ಬಂತು.

ಹಳಬರಿಗೆ ಇದು ಗೊತ್ತಿರುವ ಕತೆ. ಹೊಸಬರಿಗಾಗಿ ಸ್ವಲ್ಪ ಕೊರೆಯುತ್ತೇನೆ. ಆ ಕಾಲದ ನುಡಿ, ಬರಹಗಳಲ್ಲಿ (ಬರಹದ ಮೊದಲ ಆವೃತ್ತಿ ಬಂದಿದ್ದು 1998ರಲ್ಲಿ) ನಾವು ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡವಾದರೂ, ಕಡತದ ಒಳಗೆ ಇದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳೇ. ಅವುಗಳಿಗೆ ಕನ್ನಡದ ವೇಷ ಹಾಕುತ್ತಿದ್ದದ್ದು ಫಾಂಟು. ನುಡಿ ಫಾಂಟಿನಲ್ಲಿ ನಮ್ಮ ‘ನ’ಕಾರದ ಮೈ ಕೂತಿರೋದು ಪೌಂಡ್ ಚಿಹ್ನೆಯ ಜಾಗದಲ್ಲಿ. ಅದರ ತಲೆಕಟ್ಟು ಕೂತಿರೋದು ಗೀಟು ಹೊತ್ತ ಎ ಜಾಗದಲ್ಲಿ. ಫಾಂಟ್ ಇದ್ದರೆ ‘ನ’, ಇಲ್ಲದಿದ್ದರೆ ಬ್ರಿಟನ್ನಿನ ದುಡ್ಡು! ಆಗಿನ ಕಂಪ್ಯೂಟರುಗಳಲ್ಲಿ ಅದಕ್ಕಿಂತ ಒಳ್ಳೆ ದಾರಿ ಇರಲಿಲ್ಲ, ಆ ತಂತ್ರಾಂಶಗಳಿಂದಲೇ ನಾವೆಲ್ಲ ಕನ್ನಡದಲ್ಲಿ ಬರೆಯೋಕೆ ಕಲಿತಿದ್ದು. ಅವುಗಳನ್ನು ದೂರುವ ಮಾತೇ ಇಲ್ಲ. ಆಮೇಲೆ ಯೂನಿಕೋಡ್ ಬಳಕೆಗೆ ಬಂತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಜೊತೆಗೇ ಬಂತು. ಅಲ್ಲಿ ‘ನ’ ಅಂದರೆ ‘ನ’ವೇ, ಯಾವ ಫಾಂಟ್ ಹಾಕಿದರೂ.

ಈಗ ಕ್ಲೋನಿನ ವಿಷಯಕ್ಕೆ ಬನ್ನಿ. ನನ್ನ ಹಾಡುಗಳನ್ನು ಓದಿಸುತ್ತಿದ್ದ ಫಾಂಟ್ ಎಲ್ಲಿತ್ತು? ಹಾಡಿನ ಕಡತದಲ್ಲಿ ಇರಲಿಲ್ಲ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ ಒಳಗೆ, ನಾನು ಎಂದೂ ಇಣುಕಿ ನೋಡದ ಮೂಲೆಯಲ್ಲಿತ್ತು. ಕ್ಲೋನ್ ಮಾಡಿಸಿದ್ದರೆ ಅದೂ ಜೊತೆಗೆ ಬರುತ್ತಿತ್ತು. ಎಲ್ಲವೂ ಇದ್ದಂಗೇ ಇರುತ್ತಿತ್ತು. ನಾನು ನೆಮ್ಮದಿಯಾಗಿ ಇನ್ನೊಂದು ಆರೇಳು ವರ್ಷ ಇರುತ್ತಿದ್ದೆ. ಆಮೇಲೆ ಆ ಕಂಪ್ಯೂಟರೇ ಹೋದ ದಿನ, ಅಥವಾ ನಾನೇ ಹೋದ ದಿನ, ಫೋಲ್ಡರ್ ತೆರೆದವರು ಪೌಂಡ್ ಚಿಹ್ನೆಗಳ ರಾಶಿ ನೋಡಿ, ಕರಪ್ಟ್ ಆಗಿದೆ ಅಂತ ಡಿಲೀಟ್ ಒತ್ತುತ್ತಿದ್ದರು. ಡಿಸ್ಕ್ ಕೆಟ್ಟರೆ ಸದ್ದಾದರೂ ಬರುತ್ತದೆ. ಇದು ಸದ್ದಿಲ್ಲದೆ ಹೋಗುವ ನಷ್ಟ.

ಇದನ್ನು ಬರೆಯುವಾಗ ಮನೆಯ ಕಬ್ಬಿಣದ ಪೆಟ್ಟಿಗೆ ನೆನಪಾಗುತ್ತಿದೆ. 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಗ ಬೇರೆ ತಾಲೂಕಾಗಿರುವ ಹನೂರು ಆಗ ನಮ್ಮ ಜೊತೆಗೇ ಇತ್ತು. ಅತ್ತ ಹದಿನೈದು ಕಿಲೋಮೀಟರು ಆಸುಪಾಸಿನ ಯಳಂದೂರು ಮಾತ್ರ ಮೈಸೂರು ಸೀಮೆ. ಭಾಷಾವಾರು ಪ್ರಾಂತ್ಯ ಆದಾಗ ಇಡೀ ತಾಲೂಕು ಮೈಸೂರು ಜಿಲ್ಲೆಗೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಹೋಯಿತು. ಊರು ಅಲ್ಲೇ, ಹೊಲ ಅಲ್ಲೇ, ಹೊಳೆ ಅಲ್ಲೇ. ಮೇಲಿನ ವ್ಯವಸ್ಥೆ ಮಾತ್ರ ಬದಲು. ನಮ್ಮ ತಾತ ಜೋಪಾನ ಮಾಡಿದ್ದ ಒಂದು ಕ್ರಯಪತ್ರ ಆ ಪೆಟ್ಟಿಗೆಯಲ್ಲಿದೆ. ತಮಿಳಿನಲ್ಲಿದೆ. ಕಾಗದ ಹರಿದಿಲ್ಲ, ಶಾಯಿ ಮಾಸಿಲ್ಲ, ಪೆಟ್ಟಿಗೆಯನ್ನೂ ಎರಡು ಸಲ ಬದಲಾಯಿಸಿದ್ದೇವೆ. ಆದರೆ ತಾತನಾದ ಮೇಲೆ ಅದನ್ನು ಓದುವವರು ಮನೆಯಲ್ಲಿ ಒಬ್ಬರೂ ಇಲ್ಲ. ಅದರಲ್ಲಿ ಏನಿದೆ ಅಂತ ತಾತನ ಬಾಯಿಂದಲೇ ಬರೆಸಿಟ್ಟುಕೊಂಡಿದ್ದರೆ ಐದು ನಿಮಿಷದ ಕೆಲಸ. ಯಾರೂ ಮಾಡಲಿಲ್ಲ. ಪೆಟ್ಟಿಗೆ ಬದಲಾಯಿಸಿದರೆ ಕೆಲಸ ಮುಗಿಯಿತು ಅಂದುಕೊಂಡೆವು.

ತಮಾಷೆ ನೋಡಿ, ಜಗತ್ತಿನ ಮೊದಲ ಹಾರ್ಡ್ ಡಿಸ್ಕ್ ಇದ್ದ ಐಬಿಎಂ ಕಂಪನಿಯ ರಾಮಾಕ್ ಕಂಪ್ಯೂಟರ್ ಹೊರಬಂದಿದ್ದೂ ಅದೇ 1956ರಲ್ಲಿ. ಐವತ್ತು ತಟ್ಟೆಗಳ ಆ ದೈತ್ಯನಲ್ಲಿ ಹಿಡಿಯುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ. ನನ್ನ ಒಂದೆರಡು ಫೋಟೋಗೇ ಅದು ತುಂಬಿಹೋಗುತ್ತಿತ್ತು :)

ಹಳೇ ಕಾಲದವರು ಈ ವಿಷಯದಲ್ಲಿ ನಮಗಿಂತ ಜಾಣರು. ಯಳಂದೂರಿನವಳು ಅಂತ ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಚಿಯ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 1673ರಿಂದ 1704ರ ನಡುವೆ, ಹದಿಬದೆಯ ಧರ್ಮ ಬರೆದಳು. ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದವಳು. ತಾಳೆಗರಿ ಶಾಶ್ವತವೇನಲ್ಲ, ಹುಳ ಹಿಡಿಯುತ್ತದೆ, ಮುರಿಯುತ್ತದೆ. ಆ ಕಾಲದ ಕೃತಿಗಳು ಅಚ್ಚಿನ ಕಾಲದವರೆಗೆ ಉಳಿದು ಬಂದದ್ದು ಯಾರೋ ಕೂತು ಮತ್ತೆ ಮತ್ತೆ ಪ್ರತಿ ಮಾಡಿದ್ದರಿಂದ. ಪ್ರತಿ ಮಾಡುವವನು ಪ್ರತಿಯೊಂದು ಅಕ್ಷರ ಓದಲೇಬೇಕಿತ್ತು. ಓದದೆ ನಕಲು ಮಾಡುವ ಸೌಲಭ್ಯ ಅವನಿಗಿರಲಿಲ್ಲ. ನಮ್ಮ ಬೆಟ್ಟದ ಕಂಸಾಳೆಯ ದೇವರಗುಡ್ಡರಂತೂ ಮಾದಪ್ಪನ ಕಾವ್ಯವನ್ನು ಕಾಗದವೇ ಇಲ್ಲದೆ ಬಾಯಿಂದ ಬಾಯಿಗೆ ದಾಟಿಸಿದವರು. ಗುರು ಹೇಳಿದ್ದು ಶಿಷ್ಯನಿಗೆ ಅರ್ಥವಾಗದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಓದದೆಯೇ, ಕೇಳದೆಯೇ, ಒಂದು ಗುಂಡಿ ಒತ್ತಿ ಎಲ್ಲವನ್ನೂ ದಾಟಿಸಿಬಿಡುವ ಅನುಕೂಲ ಸಿಕ್ಕಿರೋದು ನಮ್ಮ ತಲೆಮಾರಿಗೆ ಮಾತ್ರ.

ಹುಡುಗ ಸುಮ್ಮನೆ ಬಿಡಲಿಲ್ಲ. "ಹೊಸಾ ಸಿಸ್ಟಮ್‌ಗೂ ಅದೇ ಫಾಂಟ್ ಹಾಕುದ್ರ ಆಯ್ತಲ್ಲ ಮಾವ?" ಅಂದ. ಒಳ್ಳೇ ಪ್ರಶ್ನೆ. ಹಾಕಬಹುದು, ಕಾಣಿಸುತ್ತದೆ. ಆದರೆ ಅಷ್ಟೇ, ಕಾಣಿಸುತ್ತದೆ. ‘ಮುತ್ತೈದೆ’ ಅನ್ನೋ ಪದ ಯಾವ ಹಾಡಿನಲ್ಲಿದೆ ಅಂತ ಹುಡುಕಿದರೆ ಸಿಗೋದಿಲ್ಲ. ಮೊಬೈಲಿನಲ್ಲಿ ಕಳಿಸಿದರೆ ಅತ್ತೆ ಮೊಮ್ಮಗಳಿಗೆ ಓದೋಕೆ ಬರೋದಿಲ್ಲ. ಕಣ್ಣು ಕಾಣದವರು ಬಳಸುವ ಎನ್‌ವಿಡಿಎಯಂಥ ಓದುವ ತಂತ್ರಾಂಶ ಕನ್ನಡವನ್ನು ಓದಬಲ್ಲದು, ಆದರೆ ಇದನ್ನು ‘ಪೌಂಡ್, ಎ’ ಅಂತ ಓದುತ್ತದೆ. ಪಿಡಿಎಫ್ ಮಾಡಿಟ್ಟಿದ್ದೇನೆ ಅನ್ನುವವರೂ ಇದ್ದಾರೆ. ಫಾಂಟ್ ಅದರೊಳಗೇ ಸೇರಿಕೊಂಡಿರುವುದರಿಂದ ಕಾಣಿಸೋದು ಸರಿಯಾಗಿಯೇ ಕಾಣಿಸುತ್ತದೆ, ಆದರೆ ಅಲ್ಲಿಂದ ಒಂದು ಸಾಲು ಕಾಪಿ ಮಾಡಿ ನೋಡಿ, ಮತ್ತದೇ ಪೌಂಡು.

ಸರಿ, ನಾನು ಏನು ಮಾಡಿದೆ?

ಮೊದಲು ಹುಡುಗನ ಮಾತನ್ನೂ ಅರ್ಧ ಕೇಳಿದೆ. ಅತ್ತೆ ಫೋಲ್ಡರ್, ಫೋಟೋಗಳು, ಮನೆಯ ಕಾಗದಪತ್ರಗಳ ಸ್ಕ್ಯಾನ್, ಇಷ್ಟನ್ನು ಕೈಯಲ್ಲೇ ಎತ್ತಿಟ್ಟ ಮೇಲೆ, ಇಡೀ ಡಿಸ್ಕಿನ ಒಂದು ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆಸಿದೆ. ಕೆಟ್ಟ ಸೆಕ್ಟರ್ ಇರುವುದರಿಂದ ಡಿಡಿರೆಸ್ಕ್ಯೂ ಬಳಸಿದೆವು. ಅದು ಸಲೀಸಾಗಿ ಓದುವ ಭಾಗವನ್ನು ಮೊದಲು ಎತ್ತಿಕೊಂಡು, ತೊಂದರೆ ಕೊಡುವ ಜಾಗಕ್ಕೆ ಕೊನೆಗೆ ಬರುತ್ತದೆ. ಎಲ್ಲಿಗೆ ನಿಂತಿತ್ತು ಅಂತ ಬರೆದಿಟ್ಟುಕೊಳ್ಳುತ್ತದೆ, ಹಾಗಾಗಿ ಕರೆಂಟ್ ಹೋದರೂ ಮತ್ತೆ ಮೊದಲಿಂದ ಶುರು ಮಾಡಬೇಕಿಲ್ಲ. ಈ ಪ್ರತಿ ಬಳಸೋಕಲ್ಲ, ಏನಾದರೂ ಮರೆತಿದ್ದರೆ ಹುಡುಕಿಕೊಳ್ಳೋಕೆ.

ಎರಡನೆಯದು, ಹೊಸ ಎಸ್‌ಎಸ್‌ಡಿಗೆ ಹಳೇ ವಿಂಡೋಸನ್ನು ತರಲಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದರೆ ನನ್ನ ಮುದಿ ಪ್ರೊಸೆಸರ್ ಅದರ ಪಟ್ಟಿಯಲ್ಲೇ ಇಲ್ಲ. ಲಿನಕ್ಸ್ ಮಿಂಟ್ ಹಾಕಿಸಿದೆ. ಭಯ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಕೀಲಿಮಣೆ ಪಟ್ಟಿಯಲ್ಲಿ ‘ಕಗಪ’ ವಿನ್ಯಾಸ ಕಂಡಾಗ ನೆಂಟರು ಸಿಕ್ಕಷ್ಟು ಸಂತೋಷವಾಯಿತು. ಕೆ.ಪಿ. ರಾಯರ ವಿನ್ಯಾಸವನ್ನು ಅನುಸರಿಸಿದ, ನುಡಿಯಲ್ಲಿ ಬೆರಳಿಗೆ ಒಗ್ಗಿದ ಅದೇ ಜೋಡಣೆ. ಗುಬ್ಬಿ, ನವಿಲು ಅಂತ ಚೆಂದದ ಹೆಸರಿನ ಯೂನಿಕೋಡ್ ಫಾಂಟುಗಳೂ ಸಿಕ್ಕವು.

ಮೂರನೆಯದು, ಪರಿವರ್ತನೆ. ಬರಹ, ನುಡಿಗಳ ಜೊತೆಗೇ ಯೂನಿಕೋಡಿಗೆ ಬದಲಾಯಿಸುವ ಸೌಲಭ್ಯ ಬಂದಿದೆ, ಅಂತರ್ಜಾಲದಲ್ಲೂ ಉಚಿತ ಪರಿವರ್ತಕಗಳಿವೆ. ಕಡತ ಕಡತವಾಗಿ ಹಾಕಿ, ಮೂಲದ ಪಕ್ಕದಲ್ಲಿಟ್ಟು ಓದಿದೆ. ಸಂಜೆ ಒಂದೊಂದು ಗಂಟೆ, ಎರಡೂವರೆ ತಿಂಗಳು. ಎಲ್ಲಿ ಎಡವುತ್ತದೆ ಅಂತ ಹೇಳುತ್ತೇನೆ, ನಿಮಗೂ ಉಪಯೋಗಕ್ಕೆ ಬರಬಹುದು. ಅರ್ಕಾವೊತ್ತು ಹಳೇ ಕಡತದಲ್ಲಿ ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ಆ ಜಾಗದಲ್ಲಿ ಪರಿವರ್ತಕ ಕೆಲವು ಸಲ ತಪ್ಪುತ್ತದೆ. ನಡುವೆ ಇಂಗ್ಲಿಷ್ ಪದ ಇದ್ದರೆ, ಬರೀ ಪಠ್ಯ ಕೊಟ್ಟಾಗ ಅದನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ಅದಕ್ಕೇ ಮೂಲ ಕಡತವನ್ನು ಯಾವತ್ತೂ ಅಳಿಸಬೇಡಿ, ಎರಡನ್ನೂ ಇಡಿ. ಹಳೇ ಫಾಂಟನ್ನೂ ಅದೇ ಫೋಲ್ಡರಿನಲ್ಲಿ ಇಡಿ.

ನಾಲ್ಕನೆಯದು, ಹೊಸ ಎಸ್‌ಎಸ್‌ಡಿಯನ್ನೇ ನಂಬಿ ಕೂರಲಿಲ್ಲ. ಅದು ವೇಗಕ್ಕೆ ಒಳ್ಳೆಯದು, ಕಾಫಿ ಕಾಯಿಸೋಕೂ ಬಿಡುವು ಕೊಡುತ್ತಿಲ್ಲ ಈಗ. ಆದರೆ ಅದರಲ್ಲಿ ಮಾಹಿತಿ ಉಳಿಯೋದು ಹಿಡಿದಿಟ್ಟ ವಿದ್ಯುದಾವೇಶದ ರೂಪದಲ್ಲಿ. ತೆಗೆದು ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟರೆ ಮೆಲ್ಲಗೆ ಸೋರಿಹೋಗಬಹುದು, ಬಳಸಿ ಸವೆದದ್ದಾದರೆ ಇನ್ನೂ ಬೇಗ. ಕಪಾಟಿನಲ್ಲಿಡುವ ಪ್ರತಿಗೆ ಹಾರ್ಡ್ ಡಿಸ್ಕೇ ಮೇಲು. ಅದಕ್ಕೇ ಇನ್ನೊಂದು ಪ್ರತಿ ಯಳಂದೂರಿನ ಬಾವನ ಮನೆಯಲ್ಲಿ ಹಾರ್ಡ್ ಡಿಸ್ಕಿನಲ್ಲಿದೆ, ಮತ್ತೊಂದು ಅಂತರ್ಜಾಲದ ಖಾತೆಯಲ್ಲಿದೆ. ಮೂರರಲ್ಲೂ ಇರೋದು ಒಂದೇ ಅಂತ ಶಾ-256 ಲೆಕ್ಕ ಹಾಕಿ ತಾಳೆ ನೋಡಿದೆ.

412ರಲ್ಲಿ 9 ಕಡತ ಸಿಗಲೇ ಇಲ್ಲ. ಕೆಟ್ಟ ಸೆಕ್ಟರುಗಳ ಮೇಲೆ ಕೂತಿದ್ದವು. ಅದರಲ್ಲೊಂದು ‘ಹಸೆಪದ-2’. ಹೆಸರು ಉಳಿದಿದೆ, ಹಾಡು ಇಲ್ಲ. ಸದ್ದು ಬರೋಕೆ ಮುಂಚೆ, ಒಂದು ವರ್ಷ ಹಿಂದೆ ಈ ಕೆಲಸ ಮಾಡಿದ್ದರೆ ಅದೂ ಇರುತ್ತಿತ್ತೇನೋ. ಇದಕ್ಕೆ ಯಾರನ್ನೂ ಬೈಯುವಂತಿಲ್ಲ, ಸೋಮಾರಿತನ ನನ್ನದೇ.

ಕ್ಲೋನ್ ತಪ್ಪು ಅಂತ ನಾನು ಹೇಳುತ್ತಿಲ್ಲ. ಅಂಗಡಿಯ ಲೆಕ್ಕದ ತಂತ್ರಾಂಶ ಇರುವವರು, ಲೈಸೆನ್ಸ್ ಕಳೆದುಕೊಂಡರೆ ಮತ್ತೆ ಕೊಳ್ಳಬೇಕಾದವರು, ನಾಳೆ ಬೆಳಗ್ಗೆ ಬಾಗಿಲು ತೆಗೆಯಲೇಬೇಕಾದವರು ಕ್ಲೋನ್ ಮಾಡಿಸಲಿ. ಎರಡೂವರೆ ತಿಂಗಳು ಎಲ್ಲರಿಗೂ ಎಲ್ಲಿಂದ ಬರಬೇಕು? ಆದರೆ ಅದು ಕೆಲಸದ ಮೊದಲ ಹೆಜ್ಜೆ ಅಂತ ತಿಳಿದು ಮಾಡಿಸಲಿ, ಮುಗಿಯಿತು ಅಂತ ಅಲ್ಲ.

ನನ್ನ ಚಿಂತೆ ನನ್ನೊಬ್ಬನದಲ್ಲ. ಹನೂರಿನಲ್ಲಿ ಗೆಳೆಯರೊಬ್ಬರು ಡಿಟಿಪಿ ಅಂಗಡಿ ಇಟ್ಟಿದ್ದರು. ಜಾತ್ರೆಯ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಲಗ್ನಪತ್ರಿಕೆ, ಊರಿನ ಕವಿಗಳು ಸ್ವಂತ ದುಡ್ಡಲ್ಲಿ ತಂದ ಪುಸ್ತಕ, ಎಲ್ಲ ಅಲ್ಲೇ ಆಗುತ್ತಿತ್ತು. ಅಂಗಡಿ ಮುಚ್ಚಿದಾಗ ಕಂಪ್ಯೂಟರುಗಳನ್ನು ಗುಜರಿಗೆ ಹಾಕಿದರು, ತೂಕದ ಲೆಕ್ಕದಲ್ಲಿ. ಇಂಥ ಅಂಗಡಿಗಳು ಕೊಳ್ಳೇಗಾಲದಲ್ಲೂ ಇದ್ದವು, ಯಳಂದೂರಿನಲ್ಲೂ ಇದ್ದವು. ನಮ್ಮ ಮೂರು ತಾಲೂಕಿನ ಇಪ್ಪತ್ತು ವರ್ಷದ ಸಣ್ಣಪುಟ್ಟ ಚರಿತ್ರೆ ಬಹುಪಾಲು ಪೌಂಡ್ ಚಿಹ್ನೆಗಳಲ್ಲಿ ಕೂತಿದೆ. ಊರಿನ ಗ್ರಂಥಾಲಯಗಳು, ಕಾಲೇಜುಗಳ ಕನ್ನಡ ವಿಭಾಗಗಳು ಅಂಥವರನ್ನು ಹುಡುಕಿಕೊಂಡು ಹೋಗಿ ‘ಆ ಡಿಸ್ಕ್ ಒಂದು ದಿನಕ್ಕೆ ಕೊಡಿ’ ಅಂತ ಕೇಳಬೇಕು. ಪುಸ್ತಕ ತರುವವರು ಮುದ್ರಕರ ಹತ್ತಿರ ಪುಸ್ತಕದ ಜೊತೆ ಯೂನಿಕೋಡ್ ಪ್ರತಿಯನ್ನೂ ಕೇಳಿ ಪಡೆಯಬೇಕು. ಇದಕ್ಕೆ ದೊಡ್ಡ ಯೋಜನೆ, ಅನುದಾನ ಏನೂ ಬೇಡ. ಒಂದು ಪೆನ್‌ಡ್ರೈವ್, ಸ್ವಲ್ಪ ತಾಳ್ಮೆ ಸಾಕು.

ಕೆಲಸ ಮುಗಿದ ದಿನ ಹುಡುಕುವ ಪೆಟ್ಟಿಗೆಯಲ್ಲಿ ‘ಸೋಬಾನೆ’ ಅಂತ ಹೊಡೆದೆ. ಒಂದು ಕ್ಷಣದಲ್ಲಿ 37 ಹಾಡು ಸಾಲಾಗಿ ಬಂದು ನಿಂತವು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಒಂದನ್ನು ಅತ್ತೆ ಮೊಮ್ಮಗಳ ಮೊಬೈಲಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನ್ ಮಾಡಿ, "ದೊಡ್ಡಪ್ಪ, ಇದು ಅಜ್ಜಿ ಹೇಳ್ತಿದ್ದದ್ದು ಕನ, ಆದ್ರ ಕಡೇ ಸಾಲು ಹಿಂಗಲ್ಲ" ಅಂತ ತಾನೇ ಹಾಡಿ ತೋರಿಸಿದಳು. ತಿದ್ದಿಕೊಂಡೆ. ‘ಹಸೆಪದ-2’ ಏನಾದರೂ ನೆನಪಿದೆಯಾ ಅಂತ ಕೇಳಿದ್ದೇನೆ, ಅಮ್ಮನನ್ನು ಕೇಳಿ ಹೇಳುತ್ತೇನೆ ಅಂದಿದ್ದಾಳೆ.

ನಿಮ್ಮ ಡಿಸ್ಕಿನಲ್ಲಿ ಏನಿದೆ? ಇವತ್ತು ಸಂಜೆ ಒಂದು ಹಳೇ ಕಡತವನ್ನು ಬೇರೆಯವರ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಪೌಂಡ್ ಕಂಡರೆ ಹೆದರಬೇಡಿ, ಕೆಲಸ ಶುರು ಮಾಡಿ. ಟಕ್ ಟಕ್ ಕೇಳಿಸೋವರೆಗೂ ಕಾಯಬೇಡಿ ಅಷ್ಟೇ.